ಕೈಗೆ ಕೂರುವ ಕಾವು

ನನ್ನ ಕೈ ಸಣ್ಣದು. ಬೆರಳು ಪೂರ್ತಿ ಅಗಲಿಸಿದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ 18 ಸೆಂಟಿಮೀಟರ್. ಗಿಟಾರ್ ಕಲಿಯಲು ಶುರು ಮಾಡಿದಾಗಿನಿಂದ ಈ ಕೈ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾ ಬಂದರು. "ನಿಮಗೆ ತೆಳು ನೆಕ್ ಇರೋ ಗಿಟಾರ್ ಬೇಕು." ನೆಕ್ ಅಂದರೆ ಎಡಗೈ ಹಿಡಿಯುವ ಗಿಟಾರಿನ ಉದ್ದನೆಯ ಕತ್ತು. ಕಲಿಸಿದ ಮೇಷ್ಟ್ರು ಹೇಳಿದರು. ಆರ್ಕೆಸ್ಟ್ರಾದ ಕೀಬೋರ್ಡ್ ಅಣ್ಣ ಹೇಳಿದರು. ಗಿಟಾರ್ ಮುಟ್ಟದವರೂ ಹೇಳಿದರು. ನಾನೂ ನಂಬಿದೆ. ಸಣ್ಣ ಕೈಗೆ ಸಣ್ಣ ಬಳೆ, ಸಣ್ಣ ಕಾಲಿಗೆ ಸಣ್ಣ ಚಪ್ಪಲಿ. ಗಿಟಾರಿಗೂ ಅದೇ ಲೆಕ್ಕ ಅಂದುಕೊಂಡೆ.

ದಾವಣಗೆರೆಯಲ್ಲಿ ಗಣಪತಿ ಹಬ್ಬ ಬಂತು ಅಂದರೆ ನಮ್ಮಂಥ ಆರ್ಕೆಸ್ಟ್ರಾದವರಿಗೆ ಸುಗ್ಗಿ. ಒಂದು ವರ್ಷ ಆ ಸೀಸನ್ನಿನ ದುಡ್ಡನ್ನೆಲ್ಲ ಕೂಡಿಟ್ಟು ಒಂದು ಎಲೆಕ್ಟ್ರಿಕ್ ಗಿಟಾರ್ ತರಿಸಿದೆ. ತೆಳ್ಳಗಿನ, ಚಪ್ಪಟೆ ನೆಕ್. 24 ಫ್ರೆಟ್, ಅಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ 24 ಲೋಹದ ಪಟ್ಟಿ. ಕೊಳ್ಳುವ ಮೊದಲು ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ. ಹಿಡಿಯುವ ದಾರಿಯೂ ಇರಲಿಲ್ಲ. ನಮ್ಮೂರಿನಲ್ಲಿ ಕಲಿಯುವವರ ಗಿಟಾರುಗಳು ಸಿಗುತ್ತವೆ. ಆದರೆ ಹತ್ತು ಥರದ ನೆಕ್ಕುಗಳನ್ನು ಒಂದಾದ ಮೇಲೊಂದು ಹಿಡಿದು ನೋಡಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು. 260 ಕಿಲೋಮೀಟರ್. ಅದಕ್ಕೇ ಪೆಟ್ಟಿಗೆ ಮನೆಗೆ ಬಂದ ದಿನವೇ ಮೊದಲ ಸಲ ಹಿಡಿದೆ.

ಮೊದಲ ತಿಂಗಳು ಖುಷಿಯೋ ಖುಷಿ. ಬೆರಳು ತಂತಿಗಳ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಮೂರನೇ ತಿಂಗಳಿಗೆ ಎಡಗೈ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಯಿತು. ಮದುವೆ ಆರತಕ್ಷತೆಯಲ್ಲಿ ಎರಡು ಗಂಟೆ ನುಡಿಸಿದರೆ ರಾತ್ರಿ ಊಟದ ತಟ್ಟೆ ಎತ್ತಲು ಆಗುತ್ತಿರಲಿಲ್ಲ. ಫಿಸಿಯೋಥೆರಪಿ ಮಾಡಿದ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಅಕ್ಕ, ನೀವು ದಿನಾ ಏನನ್ನ ಇಷ್ಟು ಬಿಗಿಯಾಗಿ ಹಿಡೀತೀರಿ?"

ಉತ್ತರ ಕೊಟ್ಟವರು ಅಪ್ಪ. ಅವರು ಬಡಗಿ. ಹದಡಿ ಕಡೆಯ ನಮ್ಮ ಹಳ್ಳಿಯಲ್ಲಿ ನೇಗಿಲು, ಕುಂಟೆ, ಕೂರಿಗೆ ಮಾಡಿಕೊಂಡು ಬಂದವರು. ಈಗ ಎಲ್ಲ ಕಡೆ ಟ್ರ್ಯಾಕ್ಟರ್. ಹಾಗಾಗಿ ಅವರ ಹತ್ತಿರ ಬರುವ ಕೆಲಸ ಅಂದರೆ ಕೊಡಲಿ, ಗುದ್ದಲಿ, ಸಲಿಕೆಗೆ ಕಾವು, ಅಂದರೆ ಮರದ ಹಿಡಿ, ಹಾಕಿಕೊಡುವುದು. ನಾನು ಕೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಒಂದು ಸಂಜೆ ಗಿಟಾರ್ ಎತ್ತಿಕೊಂಡರು. ತಂತಿ ಕಡೆ ನೋಡಲೇ ಇಲ್ಲ. ನೆಕ್ಕಿನ ಹಿಂಭಾಗಕ್ಕೆ ಅಂಗೈ ಕೊಟ್ಟು, ಕಣ್ಣು ಮುಚ್ಚಿ, ಮೇಲಿಂದ ಕೆಳಗೆ ಒಂದು ಸಲ ಸವರಿದರು.

"ಇದು ಕೈಗೆ ಕುಂದ್ರಂಗಿಲ್ಲವ್ವಾ. ಕಾವು ಸಣ್ಣದಾದ್ರೆ ಬಿಗಿ ಹಿಡೀಬೇಕಾಗ್ತತಿ. ಬಿಗಿ ಹಿಡಿದ್ರೆ ಕೈ ನೋಯ್ತತಿ."

ಕೊಡಲಿ ಕಾವು ತೀರ ತೆಳ್ಳಗಿದ್ದರೆ ಅದು ಅಂಗೈಯನ್ನು ತುಂಬುವುದಿಲ್ಲ. ಆಗ ಬೆರಳುಗಳು ಚಿಮುಟದ ಥರ ಒತ್ತಬೇಕು. ಒತ್ತುವ ಕೆಲಸವೆಲ್ಲ ಹೆಬ್ಬೆರಳ ಬುಡದ ಸ್ನಾಯುವಿಗೆ ಬೀಳುತ್ತದೆ. ಕಾವು ಅಂಗೈ ತುಂಬಿದರೆ ಹಿಡಿತವನ್ನು ಇಡೀ ಕೈ ಹಂಚಿಕೊಳ್ಳುತ್ತದೆ. ಇದನ್ನು ಅಪ್ಪ ಎಷ್ಟೋ ವರ್ಷಗಳಿಂದ ರೈತರಿಗೆ ಹೇಳುತ್ತಾ ಬಂದಿದ್ದಾರೆ. ನನ್ನ ಗಿಟಾರಿಗೂ ಇದೇ ಮಾತು ಅನ್ವಯಿಸುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನೂ ಅದುಮುವ ಬಾರೆ ಕಾರ್ಡ್ ಹಿಡಿಯುವಾಗ ನಾನು ಹೆಬ್ಬೆರಳಿನಿಂದ ಹಿಂದಿನಿಂದ ಒತ್ತುತ್ತಿದ್ದೆ. ಹಿಂದೆ ಅಂಗೈಗೆ ಸಿಗುವಂಥದ್ದು ಏನೂ ಇರಲಿಲ್ಲ.

ಆವತ್ತಿನಿಂದ ನೆಕ್ಕಿನ ಆಕಾರದ ಬಗ್ಗೆ ಓದುವುದು, ಕೇಳುವುದು ಶುರುವಾಯಿತು. ಅದು ಈಗಲೂ ನಿಂತಿಲ್ಲ.

ಗಿಟಾರಿನವರು ನೆಕ್ಕಿನ ಆಕಾರಕ್ಕೆ ಇಂಗ್ಲಿಷ್ ಅಕ್ಷರಗಳ ಹೆಸರು ಇಟ್ಟಿದ್ದಾರೆ. ನೆಕ್ಕನ್ನು ಅಡ್ಡಲಾಗಿ ಕೊಯ್ದರೆ ಹಿಂಭಾಗ ಹೇಗೆ ಕಾಣುತ್ತದೋ ಆ ಅಕ್ಷರ. ಸಿ ಅಂದರೆ ಸಮವಾಗಿ ಬಾಗಿದ ದುಂಡು. ಡಿ ಅಂದರೆ ಹಿಂಭಾಗ ಸ್ವಲ್ಪ ಚಪ್ಪಟೆ, ಎರಡೂ ಬದಿ ತುಂಬಿಕೊಂಡಿರುತ್ತದೆ. ಯು ಅಂದರೆ ಆಳವಾದ, ಅಗಲ ಭುಜದ ದಪ್ಪ ನೆಕ್. ವಿ ಅಂದರೆ ದೋಣಿಯ ತಳದ ಹಾಗೆ ನಡುವೆ ಏಣು. ಅಪ್ಪನಿಗೆ ಇಂಗ್ಲಿಷ್ ಅಕ್ಷರಗಳು ಗೊತ್ತಿಲ್ಲ. ಕಾಗದದ ಮೇಲೆ ನೆಕ್ಕಿನ ಅಡ್ಡಕೊಯ್ತ ಬರೆದು, ಒಳಗೆ ಇರುವ ಕಬ್ಬಿಣದ ಸರಳಿಗೆ ಒಂದು ಚುಕ್ಕಿ ಇಟ್ಟು ತೋರಿಸಿದೆ. "ಇದು ನಮ್ ಠ ಅಲ್ವಾ?" ಅಂದರು. ನಿಜ. ದುಂಡು, ನಡುವೆ ಚುಕ್ಕಿ. ನನಗೆ ಆ ಹೆಸರೇ ಹೆಚ್ಚು ಇಷ್ಟ.

ಆ ಸರಳಿಗೆ ಟ್ರಸ್ ರಾಡ್ ಅಂತಾರೆ. ಗಿಬ್ಸನ್ ಕಂಪನಿ 1920ರ ದಶಕದಲ್ಲೇ ಅದನ್ನು ತನ್ನ ವಾದ್ಯಗಳಲ್ಲಿ ಹಾಕಲು ಶುರು ಮಾಡಿತು. ಇಂಚಿನ ಸಾವಿರದಲ್ಲಿ 10ರಿಂದ 46 ಭಾಗದಷ್ಟು ದಪ್ಪದ ಆರು ತಂತಿ ಬಿಗಿದರೆ ನೆಕ್ಕಿನ ಮೇಲೆ ಒಟ್ಟು ಸುಮಾರು 45 ಕಿಲೋ ಎಳೆತ ಬೀಳುತ್ತದೆ. ನಮ್ಮ ಎಪಿಎಂಸಿಯಲ್ಲಿ ಕಾಣುವ ಮೆಕ್ಕೆಜೋಳದ ಚೀಲಕ್ಕಿಂತ ಸ್ವಲ್ಪ ಕಡಿಮೆ ಅಷ್ಟೇ. ಅಷ್ಟು ಎಳೆತಕ್ಕೆ ಮರ ಮುಂದಕ್ಕೆ ಬಾಗುತ್ತದೆ. ಸರಳು ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಸರಳು ಇಲ್ಲದ ಕಾಲದಲ್ಲಿ ಗಟ್ಟಿತನಕ್ಕೆ ಮರ ದಪ್ಪವಾಗಿಯೇ ಇರಬೇಕಿತ್ತು. ಇವತ್ತಿನ ತೆಳ್ಳನೆಯ ನೆಕ್ಕುಗಳು ನಿಂತಿರುವುದು ಈ ಸರಳಿನ ಬಲದ ಮೇಲೆ.

ಅಕ್ಷರಗಳ ವಿಷಯದಲ್ಲಿ ಒಂದು ದೊಡ್ಡ ಗೊಂದಲ ಇದೆ. ಅಮೆರಿಕದ ಫೆಂಡರ್ ಕಂಪನಿಯ 1960ರ ದಶಕದ ಗಿಟಾರುಗಳ ನೆಕ್ಕಿನ ಬುಡದಲ್ಲಿ ಎ, ಬಿ, ಸಿ, ಡಿ ಅಂತ ಮುದ್ರೆ ಇರುತ್ತದೆ. ಅದು ಆಕಾರ ಅಲ್ಲ. ತಂತಿಗಳು ಕೂರುವ ನಟ್ಟಿನ ಹತ್ತಿರ ನೆಕ್ ಎಷ್ಟು ಅಗಲ ಅನ್ನುವುದು. ಎ ಅಂದರೆ ಒಂದೂವರೆ ಇಂಚು. ಅಲ್ಲಿಂದ ಒಂದೊಂದು ಅಕ್ಷರಕ್ಕೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ. "ಇದು ಸಿ ನೆಕ್" ಅಂತ ಯಾರಾದರೂ ಹಳೇ ಗಿಟಾರಿನ ಬಗ್ಗೆ ಹೇಳಿದರೆ ಯಾವ ಸಿ ಅಂತ ಕೇಳಲೇಬೇಕು.

ಅಕ್ಷರ ಸರಿಯಾಗಿ ಗೊತ್ತಾದರೂ ಅರ್ಧ ಮಾತ್ರ ಗೊತ್ತಾದ ಹಾಗೆ. ಸಿ ಅನ್ನುವ ಎರಡು ನೆಕ್ಕುಗಳಲ್ಲಿ ಒಂದು ಮೊದಲ ಫ್ರೆಟ್ಟಿನಲ್ಲಿ 20 ಮಿಲಿಮೀಟರ್ ದಪ್ಪ ಇರಬಹುದು, ಇನ್ನೊಂದು 23 ಇರಬಹುದು. ಮೂರು ಮಿಲಿಮೀಟರ್ ಅಂದರೆ ಓದುವಾಗ ಏನೂ ಅಲ್ಲ. ಕೈಗೆ ಅದು ಬಾಚಣಿಗೆ ಹಿಡಿದಷ್ಟು, ಲಟ್ಟಣಿಗೆ ಹಿಡಿದಷ್ಟು ಬೇರೆ. ಈ ವಿಷಯದಲ್ಲಿ ಜಪಾನಿನ ಐಬನೇಜ್ ಕಂಪನಿಯನ್ನು ಮೆಚ್ಚಲೇಬೇಕು. ತಮ್ಮ ಮಾಡೆಲ್ಲುಗಳ ನೆಕ್ಕಿನ ಅಗಲ, ದಪ್ಪ ಎರಡನ್ನೂ ಮಿಲಿಮೀಟರಿನಲ್ಲಿ ಕೊಡುತ್ತಾರೆ. ಅವರ ವಿಝರ್ಡ್ 3 ನೆಕ್ ಮೊದಲ ಫ್ರೆಟ್ಟಿನಲ್ಲಿ 19, ಹನ್ನೆರಡನೇ ಫ್ರೆಟ್ಟಿನಲ್ಲಿ 21. ಎಷ್ಟೋ ಹೊಸ ಗಿಟಾರುಗಳ ವಿವರದಲ್ಲಿ "ಮಾಡರ್ನ್ ಸಿ", "ಡೀಪ್ ಸಿ" ಅನ್ನುವ ಹೆಸರು ಮಾತ್ರ ಇರುತ್ತದೆ. ಬಣ್ಣಕ್ಕೆ ಉದ್ದುದ್ದ ಹೆಸರಿಡುವವರು ದಪ್ಪದ ಎರಡು ಅಂಕಿ ಹಾಕಬಾರದಾ? ಅಂಗಡಿ ಇಲ್ಲದ ಊರಿನಲ್ಲಿ ಕೂತು ದುಡ್ಡು ಕಟ್ಟುವವರಿಗೆ ಆ ಎರಡು ಅಂಕಿ ತುಂಬಾ ಮುಖ್ಯ.

ಇನ್ನು ಭುಜ. ನೆಕ್ಕಿನ ಹಿಂಭಾಗದ ನಡುಮಧ್ಯಕ್ಕೂ ಬೋರ್ಡಿನ, ಅಂದರೆ ಬೆರಳು ಒತ್ತುವ ಮುಂಭಾಗದ ಹಲಗೆಯ, ಅಂಚಿಗೂ ನಡುವಿನ ತಿರುವು. ದಪ್ಪ ಒಂದೇ ಇದ್ದರೂ ಭುಜ ತುಂಬಿದ್ದರೆ ನೆಕ್ ದೊಡ್ಡದು ಅನ್ನಿಸುತ್ತದೆ, ಭುಜ ಇಳಿದಿದ್ದರೆ ಚಿಕ್ಕದು ಅನ್ನಿಸುತ್ತದೆ. ಇದನ್ನು ಹೇಳಲು ಯಾವ ಅಂಕಿಯೂ ಇಲ್ಲ. ಅಪ್ಪ ಸವರಿ ನೋಡಿದ್ದು ಇದನ್ನೇ.

ಗಿಟಾರಿನವರ ಜಗಳ ಹುಟ್ಟುವುದೂ ಇಲ್ಲಿಂದಲೇ. ಹೊಸ ಗಿಟಾರ್ ಬಂತು ಅಂದರೆ ಒಬ್ಬರು "ನೆಕ್ ಸ್ವರ್ಗ" ಅಂತಾರೆ, ಇನ್ನೊಬ್ಬರು "ಹಲಗೆ ಹಿಡಿದ ಹಾಗಿದೆ" ಅಂತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಇಬ್ಬರ ಹೆಬ್ಬೆರಳು ಇರುವ ಜಾಗ ಬೇರೆ ಬೇರೆ, ಅಷ್ಟೇ. ಹೆಬ್ಬೆರಳನ್ನು ನೆಕ್ಕಿನ ಹಿಂದೆ ನಡುವಿಗೆ ಇಟ್ಟು ವೇಗವಾಗಿ ನುಡಿಸುವವರಿಗೆ ಚಪ್ಪಟೆ ನೆಕ್ ಚೆನ್ನಾಗಿ ಹೊಂದುತ್ತದೆ. ಅಮೆರಿಕದ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಹಾಗೆ ಹೆಬ್ಬೆರಳನ್ನು ಮೇಲಿನಿಂದ ದಾಟಿಸಿ ದಪ್ಪ ತಂತಿಯನ್ನೂ ಅದರಿಂದಲೇ ಒತ್ತುವವರಿಗೆ ನೆಕ್ ಅಂಗೈಯ ಗುಳಿಯಲ್ಲಿ ಕೂರಬೇಕು. ಅವರಲ್ಲಿ ಎಷ್ಟೋ ಜನಕ್ಕೆ ವಿ ಇಷ್ಟವಾಗುವುದು ಅದಕ್ಕೇ. 1988ರಲ್ಲಿ ಬ್ರಿಟನ್ನಿನ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಹೆಸರಿನಲ್ಲಿ ಫೆಂಡರ್ ಹೊರತಂದ ಸ್ಟ್ರಾಟೋಕಾಸ್ಟರ್ ಗಿಟಾರಿನ ನೆಕ್ ಮೃದುವಾದ ವಿ. ಅವರ ಕೈ 1950ರ ದಶಕದ ಸ್ಟ್ರಾಟೋಕಾಸ್ಟರುಗಳ ಮೇಲೆ ಪಳಗಿದ್ದು. ಆ ದಶಕದ ನಡುವಿನ ವರ್ಷಗಳಲ್ಲಿ ಫೆಂಡರ್ ಮಾಡುತ್ತಿದ್ದದ್ದು ಅಂಥ ನೆಕ್ಕುಗಳನ್ನೇ.

ಹಾಗಾಗಿ ನಾನು ಈಗ ಅಭಿಪ್ರಾಯ ಓದುವ ಮೊದಲು ಹೇಳುವವರ ಕೈ ನೋಡುತ್ತೇನೆ. ವಿಡಿಯೋ ಇದ್ದರೆ ಮಾತು ಮ್ಯೂಟ್ ಮಾಡಿ ಎಡಗೈಯನ್ನು ಮಾತ್ರ ನೋಡುತ್ತೇನೆ. ಹೆಬ್ಬೆರಳು ಎಲ್ಲಿದೆ? ಮಣಿಕಟ್ಟು ಎಷ್ಟು ಬಾಗಿದೆ? ಕೂತು ನುಡಿಸುತ್ತಿದ್ದಾರಾ, ನಮ್ಮ ಹಾಗೆ ಮೂರು ಗಂಟೆ ನಿಂತು ನುಡಿಸುವವರಾ? ನನ್ನ ಕೈಯ ಹಾಗೆ ಹಿಡಿಯುವವರು ಅಂತ ಖಾತ್ರಿಯಾದರೆ ಆಮೇಲೆ ಮಾತು ಕೇಳುತ್ತೇನೆ.

ಒಂದು ಸಂಗತಿ ನನಗೆ ಪ್ರತಿ ಸಲ ನೆನೆದಾಗಲೂ ಸಂತೋಷ ಕೊಡುತ್ತದೆ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. 1950ರ ಸುಮಾರಿಗೆ ಟೆಲಿಕಾಸ್ಟರ್, 1954ರಲ್ಲಿ ಸ್ಟ್ರಾಟೋಕಾಸ್ಟರ್. ಎರಡೂ ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿವೆ. ಅವರು ಮಾಡುತ್ತಿದ್ದದ್ದು ಇಷ್ಟೇ: ಗಿಟಾರನ್ನು ಊರಿನ ಡ್ಯಾನ್ಸ್ ಹಾಲುಗಳಲ್ಲಿ ನುಡಿಸುವವರ ಕೈಗೆ ಕೊಡುವುದು, ಎಲ್ಲಿ ಚುಚ್ಚುತ್ತದೆ ಅಂತ ಕೇಳುವುದು, ವಾಪಸ್ ತಂದು ತಿದ್ದುವುದು. ತನಗೆ ಬಾರದ ವಿದ್ಯೆಯನ್ನು ಬಲ್ಲವರ ಕೈಯನ್ನು ಕೇಳಿ ಮಾಡಿದರು. ಅಪ್ಪನೂ ಹೊಲದಲ್ಲಿ ಅಗೆದವರಲ್ಲ. ಅಗೆಯುವವರಿಗೆ ಕಾವು ಮಾಡಿಕೊಟ್ಟವರು.

ಫೆಂಡರ್ ಮಾಡಿದ ಇನ್ನೊಂದು ಒಳ್ಳೆಯ ಕೆಲಸ ನೆಕ್ಕನ್ನು ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದ್ದು. ಬಿಚ್ಚಬಹುದು, ಬೇರೆ ಹಾಕಬಹುದು. ಗಿಬ್ಸನ್ನಿನ ಲೆಸ್ ಪಾಲ್‌ನಲ್ಲಿ ನೆಕ್ಕನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಅದು ಕೈಗೆ ಹೊಂದದಿದ್ದರೆ ಗಿಟಾರನ್ನೇ ಮಾರಬೇಕು.

ಲೆಸ್ ಪಾಲ್ ಅಂದ ಮೇಲೆ 1959ರ ಮಾತು ಬರಲೇಬೇಕು. 1958ರ ಲೆಸ್ ಪಾಲ್‌ಗಳ ನೆಕ್ ದಪ್ಪ. 1960ರದ್ದು ತೆಳು. ನಡುವಿನ 59 ಅತ್ತ ದಪ್ಪವೂ ಅಲ್ಲ, ಇತ್ತ ತೆಳುವೂ ಅಲ್ಲ. ಲೋಕದ ಗಿಟಾರಿನವರೆಲ್ಲ ಅದೇ ಅತ್ಯುತ್ತಮ ಅಂತ ಹೇಳುತ್ತಾರೆ. ಆದರೆ ಆ ಕಾಲದಲ್ಲಿ ನೆಕ್ಕಿಗೆ ಕೊನೆಯ ರೂಪ ಬರುತ್ತಿದ್ದದ್ದು ಕೆಲಸಗಾರರ ಕೈಯಲ್ಲಿ, ಉಜ್ಜಿ ಉಜ್ಜಿ. ಒಂದು 59ರ ಹಾಗೆ ಇನ್ನೊಂದು 59 ಇಲ್ಲ. ಹಾಗಿರುವಾಗ "59 ನೆಕ್" ಅನ್ನುವುದು ಯಾವುದೋ ಒಂದು ಗಿಟಾರಿನ ನೆಕ್ ಅಷ್ಟೇ ಅಲ್ವಾ? ನನಗೆ ಇಷ್ಟವಾದದ್ದು 2019ರಲ್ಲಿ ಗಿಬ್ಸನ್ ಮಾಡಿದ ಕೆಲಸ. ಲೆಸ್ ಪಾಲ್ ಸ್ಟ್ಯಾಂಡರ್ಡ್ ಅನ್ನು 50ರ ದಶಕದ್ದು, 60ರ ದಶಕದ್ದು ಅಂತ ಎರಡು ಮಾಡಿದರು. ಮೊದಲನೆಯದಕ್ಕೆ ದುಂಡು ದಪ್ಪ ನೆಕ್, ಎರಡನೆಯದಕ್ಕೆ ತೆಳು. ಹೆಸರಿನಲ್ಲೇ ನೆಕ್ ಗೊತ್ತಾಗುತ್ತದೆ. ದೂರದ ಊರಿನವರಿಗೆ ಅದು ಉಪಕಾರ.

ಈಚಿನ ಹೊಸ ಗಿಟಾರುಗಳಲ್ಲಿ ಹೆಚ್ಚು ಮಾತಾಗುವುದು ತಂತಿಯ ನಾದ ಹಿಡಿಯುವ ಪಿಕಪ್, ಬಣ್ಣ, ಬೆಲೆಯ ಬಗ್ಗೆ. 2024ರಲ್ಲಿ ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಪ್ಲೇಯರ್ 2 ಸರಣಿ ತಂದಾಗ ನಮ್ಮ ಹುಡುಗರು "ಇದರಲ್ಲಿ ಹೊಸದು ಏನಿದೆ?" ಅಂದರು. ನನ್ನ ಗಮನಕ್ಕೆ ಬಂದದ್ದು ಎರಡು. ಒಂದು, ಬೋರ್ಡಿನ ಅಂಚನ್ನು ಉರುಟು ಮಾಡಿದ್ದಾರೆ. 2020ರ ಅಮೆರಿಕನ್ ಪ್ರೊಫೆಷನಲ್ 2ರಂಥ ದುಬಾರಿ ಗಿಟಾರುಗಳಲ್ಲಿ ಇದ್ದ ಅದು ಕಡಿಮೆ ಬೆಲೆಯ ಸಾಲಿಗೂ ಇಳಿಯಿತು. ನನ್ನ ಮಟ್ಟಿಗೆ ಇದು ದೊಡ್ಡ ವಿಷಯ. ಹೊಸ ಕಾವಿನ ಏಣು ಅಂಗೈಗೆ ಕೊರೆಯುತ್ತದೆ. ಹತ್ತು ವರ್ಷ ಬಳಸಿದ ಕಾವು ಸವೆದು ಕೈಯ ಆಕಾರ ಪಡೆದಿರುತ್ತದೆ. ಅಂಚು ಉರುಟು ಮಾಡುವುದು ಅಂದರೆ ಆ ಹತ್ತು ವರ್ಷದ ಸವಕಲನ್ನು ಮೊದಲ ದಿನವೇ ಕೊಡುವುದು. ಹೆಬ್ಬೆರಳು ದಾಟಿಸಿ ನುಡಿಸುವವರನ್ನು ಕೇಳಿ, ಹೇಳುತ್ತಾರೆ.

ಎರಡನೆಯದು ಬೀಟೆ. ಆ ಸರಣಿಯ ಬೋರ್ಡಿಗೆ ಮತ್ತೆ ಬೀಟೆ ಮರ ಬಂತು. 2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ಸಾಗಣೆಗೆ ಕಟ್ಟುನಿಟ್ಟಿನ ಪರವಾನಗಿ ಬಂದಾಗ ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ನವೆಂಬರಿನಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆ ಹುಡುಕಾಟದಲ್ಲಿ ಸಿಕ್ಕ ಒಂದು ಮರ ಇಂಡಿಯನ್ ಲಾರೆಲ್. ಸ್ಕ್ವಯರ್, ಎಪಿಫೋನ್ ಗಿಟಾರುಗಳ ಬೋರ್ಡಿನಲ್ಲಿ ಈಗಲೂ ಕಾಣುತ್ತದೆ. ಹೆಸರು ಕೇಳಿ ಯಾವುದೋ ದೇಶದ ಮರ ಅಂದುಕೊಂಡಿದ್ದೆ. ಅದು ನಮ್ಮ ಮತ್ತಿ ಮರ. ಅಪ್ಪನಿಗೆ ಹೇಳಿದರೆ ನಂಬಲಿಲ್ಲ. "ಮತ್ತೀನಾ? ತೊಲೆಗೆ ಹಾಕ್ತಿದ್ವಲ್ಲೋ ಅದಾ?" ಅಂತ ಗೆಳೆಯನ ಗಿಟಾರಿನ ಬೋರ್ಡನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

ಮರ ಅಂದಮೇಲೆ ನಮ್ಮೂರಿನ ಬಿಸಿಲಿನ ಮಾತೂ ಹೇಳಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ದಾವಣಗೆರೆಯ ಗಾಳಿ ಒಣಗಿ ಹೋಗಿರುತ್ತದೆ. ತೇವ ಜಾಸ್ತಿ ಇರುವ ಜಾಗದಲ್ಲಿ ತಯಾರಾದ ಗಿಟಾರಿನ ಬೋರ್ಡ್ ಇಲ್ಲಿಗೆ ಬಂದು ಕುಗ್ಗುತ್ತದೆ. ಮರ ಕುಗ್ಗಿದರೂ ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಹೊರಗೆ ಬಂದು ಕೈಗೆ ಗೀರುತ್ತದೆ. ಎಷ್ಟೋ ಜನ "ನೆಕ್ ಸರಿ ಇಲ್ಲ" ಅಂತ ಬೈಯುವುದು ಇದನ್ನೇ. ಅದು ಆಕಾರದ ತಪ್ಪಲ್ಲ. ಬಲ್ಲವರ ಹತ್ತಿರ ಫ್ರೆಟ್ ತುದಿ ಉಜ್ಜಿಸಿದರೆ ಅರ್ಧ ದಿನದಲ್ಲಿ ಸರಿ ಹೋಗುತ್ತದೆ. ಬೈಯುವ ಮೊದಲು ಬೆರಳಿನಿಂದ ಅಂಚನ್ನು ಒಮ್ಮೆ ಸವರಿ ನೋಡಿ.

ಬೋರ್ಡಿನ ಮುಂಭಾಗದ ಉಬ್ಬನ್ನೂ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಳೇ ಫೆಂಡರುಗಳಲ್ಲಿ ಉಬ್ಬು ಜಾಸ್ತಿ, ಆ ಬಾಗು ಏಳೂಕಾಲು ಇಂಚು ರೇಡಿಯಸ್ಸಿನ ವೃತ್ತದ್ದು. ಕಾರ್ಡ್ ಹಿಡಿಯಲು ಹಿತ. ಆದರೆ ಮೇಲಿನ ಫ್ರೆಟ್ಟುಗಳಲ್ಲಿ ತಂತಿಯನ್ನು ಜೋರಾಗಿ ಎಳೆದರೆ ಸ್ವರ ಸತ್ತುಹೋಗುತ್ತದೆ. ಗಿಬ್ಸನ್ನಿನ 12 ಇಂಚು ಅದಕ್ಕಿಂತ ಚಪ್ಪಟೆ. ನಾವು ಆರ್ಕೆಸ್ಟ್ರಾದಲ್ಲಿ ಭಾವಗೀತೆ, ಭಕ್ತಿಗೀತೆ ನುಡಿಸುವಾಗ ಗಮಕಕ್ಕೆ ತಂತಿ ಎಳೆಯದೆ ದಾರಿಯೇ ಇಲ್ಲ. ವೀಣೆಯಲ್ಲಿ ತಂತಿಯ ಕೆಳಗೆ ಬೆರಳಿಗೆ ಮರ ತಾಗುವುದಿಲ್ಲ, ಮೆಟ್ಟಿಲು ಮಾತ್ರ. ಭಾರತೀಯ ಸಂಗೀತಗಾರರ ಜೊತೆ ನುಡಿಸಿದ ಶಕ್ತಿ ತಂಡದ ಕಾಲದಲ್ಲಿ ಬ್ರಿಟನ್ನಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಗಿಟಾರಿನ ಬೋರ್ಡನ್ನು ಫ್ರೆಟ್ಟುಗಳ ನಡುವೆ ಕೆತ್ತಿ ಗುಳಿ ಮಾಡಿಸಿಕೊಂಡದ್ದು ಅಂಥ ಎಳೆತಕ್ಕಾಗಿ. ಕನ್ನಡದ ಹಾಡು ನುಡಿಸುವವರು ಹಿಂಭಾಗದಷ್ಟೇ ಮುಂಭಾಗವನ್ನೂ ಕೇಳಿಕೊಂಡು ಕೊಳ್ಳಬೇಕು ಅಂತ ನನ್ನ ಅನಿಸಿಕೆ.

ಹೊಸದರಲ್ಲಿ ಅಪ್ಪನಿಗೆ ತಕ್ಷಣ ಅರ್ಥವಾದದ್ದು ಸ್ವೀಡನ್ನಿನ ಸ್ಟ್ರಾಂಡ್‌ಬರ್ಗ್ ಗಿಟಾರಿನ ನೆಕ್. ಹಿಂಭಾಗ ದುಂಡಗೆ ಇಲ್ಲ. ಪಟ್ಟಿ ಪಟ್ಟಿಯಾಗಿ ಚಪ್ಪಟೆ ಮುಖಗಳು, ಅವು ನೆಕ್ಕಿನ ಉದ್ದಕ್ಕೂ ವಾರೆಯಾಗಿ ಸರಿಯುತ್ತವೆ. ಹೆಬ್ಬೆರಳು ಒಂದು ಚಪ್ಪಟೆ ಮುಖದ ಮೇಲೆ ನಿಲ್ಲಲಿ ಅಂತ. ನಮ್ಮ ಗುಂಪಿನಲ್ಲಿ ಬಹಳ ಜನಕ್ಕೆ ಇದು ವಿಚಿತ್ರ ಅನ್ನಿಸಿತು. ಅಪ್ಪ ಫೋಟೋ ನೋಡಿ, "ಸುತ್ತಿಗೆ ಕಾವಿಗೆ ನಾವೂ ಹಿಂಗೇ ಮುಖ ಹೊಡಿತೀವಿ. ಕೈಯಾಗೆ ತಿರುಗಂಗಿಲ್ಲ" ಅಂದರು. ಅದನ್ನು ನಾನು ಇನ್ನೂ ಹಿಡಿದು ನೋಡಿಲ್ಲ. ಹಿಡಿಯುವವರೆಗೆ ಅದರ ಬಗ್ಗೆ ಅಭಿಪ್ರಾಯ ಕೊಡುವುದಿಲ್ಲ.

ಆ ತೆಳು ಗಿಟಾರನ್ನು ಮಾರಿದೆ. ಅದು ಒಬ್ಬ ಇಂಜಿನಿಯರಿಂಗ್ ಹುಡುಗನ ಕೈಗೆ ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಅವನು ಬೇರೆ ಮುಟ್ಟುವುದೇ ಇಲ್ಲ. ಅಪ್ಪನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿ ಒಂದು ಹಳೇ ಟೆಲಿಕಾಸ್ಟರ್ ಮಾದರಿಯ ಗಿಟಾರ್ ತಂದೆ. ಮೊದಲ ಫ್ರೆಟ್ಟಿನಲ್ಲಿ 23 ಮಿಲಿಮೀಟರ್. ದುಂಡು. ಮಾರುವವರು ನನ್ನ ಕೈ ನೋಡಿ "ಮೇಡಂ, ಇದು ನಿಮಗೆ ದಪ್ಪ ಆಗುತ್ತೆ" ಅಂದರು. ಅಪ್ಪ ಸವರಿ ನೋಡಿ "ತಗೋ" ಅಂದರು. ಹಿಂಭಾಗದ ಹೊಳಪು ಬೆವರಿಗೆ ಅಂಟುತ್ತಿತ್ತು. ನಯವಾದ ಸ್ಯಾಂಡ್ ಪೇಪರಿನಿಂದ ಅವರೇ ಅದನ್ನು ಮಂಕು ಮಾಡಿಕೊಟ್ಟರು. ನಾಲ್ಕು ವರ್ಷವಾಯಿತು. ನೋವು ವಾಪಸ್ ಬಂದಿಲ್ಲ. ಸಣ್ಣ ಕೈಯವರೆಲ್ಲ ದಪ್ಪ ನೆಕ್ ಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನಗೆ ಹೇಳಿದವರು ಮಾಡಿದ್ದನ್ನೇ ಮಾಡಿದ ಹಾಗಾಗುತ್ತದೆ.

ಆಮೇಲೆ ಅಪ್ಪನಿಗೇ ಒಂದು ಯೋಚನೆ ಬಂತು. "ಗಿಟಾರ್ ಇಲ್ಲದಿದ್ರೇನು, ಕಾವು ಮಾಡಿ ಇಟ್ರಾತು. ಬಂದೋರು ಹಿಡಿದು ನೋಡ್ತಾರೆ."

ಒಂದೊಂದು ಅಡಿ ಉದ್ದದ ಜಾಲಿ ಮರದ ತುಂಡು ತೆಗೆದುಕೊಂಡರು. ಮುಂಭಾಗ ಚಪ್ಪಟೆ, ಹಿಂಭಾಗ ಒಂದೊಂದು ಆಕಾರ. ದಪ್ಪ ಅಳೆಯಲು ಹರಿಹರದ ಕಾರ್ಖಾನೆಯಿಂದ ನಿವೃತ್ತರಾದ ಪಕ್ಕದ ಮನೆ ಅಂಕಲ್ ತಮ್ಮ ವರ್ನಿಯರ್ ಕೊಟ್ಟರು. ಭುಜದ ತಿರುವು ತೆಗೆಯುವುದೇ ಕಷ್ಟದ ಕೆಲಸ. ಅದಕ್ಕೆ ಟಿವಿ ರಿಪೇರಿಯವರ ಹತ್ತಿರದಿಂದ ದಪ್ಪ ಬೆಸುಗೆ ತಂತಿ ತಂದೆ. ಅದನ್ನು ನೆಕ್ಕಿನ ಹಿಂಭಾಗಕ್ಕೆ ಒತ್ತಿ ಸುತ್ತಿದರೆ ಅದೇ ಆಕಾರಕ್ಕೆ ಬಾಗುತ್ತದೆ. ಮೆಲ್ಲಗೆ ಬಿಡಿಸಿ ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುವುದು. ಮೊದಲ ಫ್ರೆಟ್, ಐದನೇ ಫ್ರೆಟ್, ಹನ್ನೆರಡನೇ ಫ್ರೆಟ್. ಹೀಗೆ ಸಿಕ್ಕ ಸಿಕ್ಕ ಗಿಟಾರುಗಳ ಗೆರೆ ತೆಗೆದೆವು. ಯುಗಾದಿಗೆ ಊರಿಗೆ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗ ತನ್ನ ಲೆಸ್ ಪಾಲ್ ಅನ್ನು ಎರಡು ದಿನ ನಮ್ಮನೆಯಲ್ಲಿ ಬಿಟ್ಟು ಹೋದ. ಅದು 50ರ ದಶಕದ ನೆಕ್ಕಿನದ್ದು. ವಿ ಮಾತ್ರ ಎಲ್ಲೂ ಸಿಗಲಿಲ್ಲ. ಅದನ್ನು ಅಪ್ಪ ಚಿತ್ರ ನೋಡಿ, ನನ್ನ ಅಂಗೈಗೆ ಹಿಡಿಸಿ ಹಿಡಿಸಿ ಮಾಡಿದರು. ಉಳಿಯಲ್ಲಿ ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿದರು.

ಅಕ್ಷರಗಳು ಅವರ ಬಾಯಿಗೆ ಬರಲಿಲ್ಲ. ಅವರೇ ಹೆಸರಿಟ್ಟರು. ಯು ಕೊಡಲಿ ಆಯಿತು. ಸಿ ಗುದ್ದಲಿ. ತೆಳು ಡಿ ಪಟ್ಟಿ. ವಿ ದೋಣಿ.

ನಿಟ್ಟುವಳ್ಳಿಯ ಗೆಳೆಯರೊಬ್ಬರ ಮಹಡಿ ಮೇಲಿನ ರೂಮಿನಲ್ಲಿ ಭಾನುವಾರ ನಾವು ಸೇರುತ್ತೇವೆ. ಆರ್ಕೆಸ್ಟ್ರಾದವರು, ಚರ್ಚಿನಲ್ಲಿ ನುಡಿಸುವವರು, ಕಾಲೇಜು ಹುಡುಗರು. ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಮಾತು ಶುರುವಾದರೆ ಹೊಸ ಗಿಟಾರುಗಳ ಮಾತೇ. ಒಂದು ಭಾನುವಾರ ನಾಲ್ಕು ಕಾವುಗಳನ್ನು ಅಲ್ಲಿಗೆ ಒಯ್ದೆ. ಎಣ್ಣೆ ಕೈ ತೊಳೆದುಕೊಂಡು ಬನ್ನಿ ಅಂದೆ. ಮೊದಲು ಪ್ರತಿಯೊಬ್ಬರೂ ತಮಗೆ ಯಾವ ನೆಕ್ ಇಷ್ಟ ಅಂತ ಬಾಯಲ್ಲಿ ಹೇಳಬೇಕು. ಆಮೇಲೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ನಾಲ್ಕನ್ನೂ ಹಿಡಿದು ಆರಿಸಬೇಕು.

ಆರು ಜನ ಹಿಡಿದರು. ಇಬ್ಬರು ಮಾತ್ರ ತಾವು ಹೇಳಿದ್ದನ್ನೇ ಆರಿಸಿದರು. ತೆಳು ನೆಕ್ ಬಿಟ್ಟು ಬೇರೆ ನೆಕ್ಕೇ ಅಲ್ಲ ಅನ್ನುತ್ತಿದ್ದ ಹುಡುಗ ಕೊಡಲಿಯನ್ನು ಹಿಡಿದವನು ಕೆಳಗಿಡಲೇ ಇಲ್ಲ. ಟವೆಲ್ ಬಿಚ್ಚಿ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತ. "ಅಕ್ಕ, ಇದು ಯಾವ ಗಿಟಾರಲ್ಲಿ ಸಿಗುತ್ತೆ?" ಅಂದ. 59 ಅಂದರೆ ಪ್ರಾಣ ಬಿಡುತ್ತಿದ್ದ ಅಣ್ಣ ಗುದ್ದಲಿ ಆರಿಸಿದರು. ಚರ್ಚಿನ ಅಂಕಲ್ ಎರಡು ಕಾವುಗಳನ್ನು ಕೈಯಲ್ಲಿ ಇಟ್ಟುಕೊಂಡು, ಇದರ ಮೇಲಿನ ಅರ್ಧ, ಅದರ ಕೆಳಗಿನ ಅರ್ಧ ಸೇರಿದರೆ ನನ್ನ ನೆಕ್ ಅಂದರು. ಅವರ ಮಾತು ನಿಜ. ಮೇಲೆ ಮೃದು ವಿ, ಕೆಳಗೆ ಹೋಗುತ್ತಾ ಸಿ ಆಗುವ ನೆಕ್ಕುಗಳು ಇವೆ.

ಮಾತಿಗೂ ಕೈಗೂ ಯಾಕೆ ಇಷ್ಟು ದೂರ ಅಂತ ಆವತ್ತು ತುಂಬಾ ಹೊತ್ತು ಮಾತಾಡಿದೆವು. ನಮ್ಮಲ್ಲಿ ಹೆಚ್ಚಿನವರಿಗೆ ನೆಕ್ಕಿನ ಬಗ್ಗೆ ಇದ್ದ ಅಭಿಪ್ರಾಯ ಎಲ್ಲೋ ಕೇಳಿದ್ದು, ಓದಿದ್ದು. ನಾವು ಮೆಚ್ಚುವ ಗಿಟಾರಿಸ್ಟಿನ ಕೈಯ ಅಭಿಪ್ರಾಯ. ಹಿಡಿದು ನೋಡುವ ಅವಕಾಶವೇ ಇಲ್ಲದಿದ್ದಾಗ ಬೇರೆಯವರ ಕೈಯನ್ನು ನಂಬದೆ ಏನು ಮಾಡುವುದು? ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ಆ ಕಾವುಗಳು ಊರೂರು ತಿರುಗುತ್ತವೆ. ಗಿಟಾರ್ ಕೊಳ್ಳುವ ಮೊದಲು ಹುಡುಗರು ಒಯ್ಯುತ್ತಾರೆ. ಒಂದು ವಾರ ಟಿವಿ ನೋಡುವಾಗ, ಓದುವಾಗ ಕೈಯಲ್ಲಿ ಹಿಡಿದುಕೊಂಡು ಇರಿ ಅಂತ ಹೇಳಿ ಕೊಡುತ್ತೇನೆ. ಐದು ನಿಮಿಷ ಹಿಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನನ್ನ ತೆಳು ಗಿಟಾರೂ ಮೊದಲ ತಿಂಗಳು ಚೆನ್ನಾಗಿಯೇ ಇತ್ತಲ್ಲ. ಹರಿಹರಕ್ಕೆ ಹೋಗಿ ಬಂದಿವೆ, ರಾಣೆಬೆನ್ನೂರಿಗೆ ಹೋಗಿ ಬಂದಿವೆ. "ಅಕ್ಕ, ನನಗೆ ಗುದ್ದಲಿ" ಅಂತ ಒಂದು ಸಾಲಿನ ಮೆಸೇಜ್ ಬಂದರೆ ಸಾಕು, ಯಾವ ಯಾವ ಹೊಸ ಗಿಟಾರುಗಳನ್ನು ಅವರು ನೋಡಬಹುದು ಅಂತ ನಾನು ಬರೆದು ಕಳಿಸುತ್ತೇನೆ.

ದೋಣಿ ಮಾತ್ರ ಹೋದ ತಿಂಗಳು ಚಿತ್ರದುರ್ಗಕ್ಕೆ ಹೋದದ್ದು ವಾಪಸ್ ಬಂದಿಲ್ಲ. ಒಯ್ದ ಹುಡುಗನಿಗೆ ಫೋನ್ ಮಾಡಿದೆ. ಅವನಿಗೆ ಗಿಟಾರ್ ಕೊಳ್ಳಲು ಇನ್ನೂ ಒಂದು ವರ್ಷ ಬೇಕಂತೆ. ದುಡ್ಡು ಕೂಡಿಸುತ್ತಿದ್ದಾನೆ. "ಅಲ್ಲಿವರೆಗೂ ಇದು ನನ್ನ ಹತ್ರಾನೇ ಇರ್ಲಿ ಅಕ್ಕ" ಅಂದ.

ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಹೇಳಿದೆ. ಕೈ ತೊಳೆದುಕೊಂಡು ಬಂದವರು ಮೂಲೆಯಲ್ಲಿ ಒರಗಿಸಿದ್ದ ಜಾಲಿ ತುಂಡುಗಳಲ್ಲಿ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ಎಳೆ ನೋಡಿದರು.

"ಹಂಗಾದ್ರೆ ಇನ್ನೊಂದು ದೋಣಿ ಮಾಡ್ಬೇಕು. ಎಲ್ಲಿ, ನಿನ್ ಕೈ ಕೊಡು."